ಕಪ್ಪತಗುಡ್ಡದ ಏಣು ಹತ್ತುವವರಿಗೆ

ಗದಗ ಬಳಿಯ ಅಸುಂಡಿಯ ಕಡೆ ಬಂದವರು ಒಂದು ಇಡೀ ದಿನ ಕಪ್ಪತಗುಡ್ಡಕ್ಕೆಂದೇ ಇಟ್ಟುಕೊಳ್ಳಿ. ಗದಗದ ಮಗ್ಗುಲಿನ ಬಿಂಕದಕಟ್ಟಿಯ ಬಳಿ ಶುರುವಾಗುವ ಈ ಸಾಲು ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಾಯ್ದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಸುಮಾರು 60 ಕಿ.ಮೀ. ಉದ್ದಕ್ಕೆ ಚಾಚಿದೆ.

ಹತ್ತಲು ಅನುಕೂಲವಾದ ಊರು ಡಂಬಳದ ಹತ್ತಿರದ ಡೋಣಿ. ಅಲ್ಲಿಂದ ಕಪ್ಪತ ಮಲ್ಲೇಶ್ವರನ ಗುಡಿ, ಇನ್ನೂ ಮೇಲೆ ಗಾಳಿಗುಂಡಿ ಬಸವಣ್ಣ. ಗಾಡಿಯಲ್ಲೇ ಹೋಗಿ ಫೋಟೊ ತೆಗೆದು ಇಳಿದುಬಿಟ್ಟರೆ ಗುಡ್ಡ ಕಂಡಂತಲ್ಲ. ಗಾಳಿಗುಂಡಿಯಲ್ಲಿ ನಿಂತು ಎರಡೂ ಕಡೆ ಇಳಿಜಾರಾಗಿ, ನೆತ್ತಿ ಸಪೂರವಾಗಿ ಸಾಗುವ ಏಣುಗಳನ್ನು ನಿಧಾನವಾಗಿ ನೋಡಿ. ಹಿಮಾಲಯದಂಥ ಕಡೆ ಇಂಥ ಏಣುಗಳನ್ನು ಹಿಮನದಿಗಳು ಎರಡೂ ಮಗ್ಗುಲಿನಿಂದ ಕೊರೆದು ಮಾಡುತ್ತವೆ. ಇಲ್ಲಿ ಆ ಕೆಲಸ ಮಳೆ ಗಾಳಿಯದು. ಮೆತ್ತನೆಯ ಪದರಶಿಲೆ ಸವೆದುಹೋಗಿ, ಅದರ ನಡುವೆ ಓರೆಯಾಗಿ ನಿಂತ ಗಟ್ಟಿ ಕಬ್ಬಿಣಗಲ್ಲು ಉಳಿದಿದೆ. ದಾರಿಬದಿಯ ಬಂಡೆಯನ್ನೇ ಬಗ್ಗಿ ನೋಡಿ: ಬೆರಳಗಲದ ಕೆಂಪು ಪಟ್ಟೆ, ಅದರ ಮೇಲೊಂದು ಕಪ್ಪು ಪಟ್ಟೆ, ಮತ್ತೆ ಕೆಂಪು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು.

ಮಳೆ ಹಿಂದೆ ಸರಿದ ಮೇಲೆ, ಡಿಸೆಂಬರಿನವರೆಗೆ ಹೋಗುವುದು ಚಲೋ. ಆಷಾಢದ ಗಾಳಿಗೆ ಏಣಿನ ಮೇಲೆ ಕಾಲು ನಿಲ್ಲುವುದಿಲ್ಲ. ಹಿಡಿತವಿರುವ ಬೂಟು ಬೇಕು. ಹುಲ್ಲಿನಡಿ ಸಡಿಲ ಕಲ್ಲುಗಳಿರುತ್ತವೆ, ಅಂಚಿಗೆ ಹೋಗಬೇಡಿ. ನೀರು, ಬುತ್ತಿ ಕೆಳಗಿನಿಂದಲೇ ಒಯ್ಯಿರಿ.

2019ರಿಂದ ಇದು ವನ್ಯಜೀವಿ ಧಾಮ. ಕತ್ತೆಕಿರುಬ, ತೋಳಗಳ ಮನೆ. ಗುಡಿಯ ರಸ್ತೆ ಬಿಟ್ಟು ನಡೆಯುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಔಷಧಿ ಗಿಡ ಕೀಳಬೇಡಿ. ಬಾದೆ ಹುಲ್ಲು ಒಣಗಿದ ದಿನಗಳಲ್ಲಿ ಒಂದು ಬೀಡಿಯ ಕಿಡಿ ಸಾಕು, ಇಡೀ ಮಗ್ಗುಲು ಉರಿದುಹೋಗುತ್ತದೆ. ಬೆಂಕಿಪೆಟ್ಟಿಗೆಯನ್ನು ಕೆಳಗೇ ಬಿಟ್ಟು ಹೋಗಿ. ಗಣಿಗಾರಿಕೆಯ ವಿರುದ್ಧ 2017ರಲ್ಲಿ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಧರಣಿ ಕೂತು ಉಳಿಸಿಕೊಂಡ ಗುಡ್ಡವಿದು. ಇಷ್ಟು ಜತನ ನಮ್ಮಿಂದಲೂ ಆಗಲೇಬೇಕು.

ಬೆಳಗ್ಗೆ ಬೇಗ ಹತ್ತಿದರೆ ಇಳಿಹೊತ್ತಿಗೆ ಡಂಬಳದ ದೊಡ್ಡಬಸಪ್ಪನ ಗುಡಿಗೂ ಸಮಯ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗುಡಿ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಹೊರಗೋಡೆಯ ಸುತ್ತ ಒಂದು ಸುತ್ತು ಬನ್ನಿ, ಮೂಲೆಗಳು ಅಲ್ಲೇ ಚೆನ್ನಾಗಿ ತಿಳಿಯುತ್ತವೆ.