ಶಾಲೆಯನ್ನು ನಡೆಸುವ ಅಧಿಕಾರ ಯಾರದು?

ಹಳೆಯ ವಿದ್ಯಾರ್ಥಿನಿಯರೇ, ಪೋಷಕ ಮಹಾಶಯರೇ, ನಮ್ಮ ಕೇರಿಯ ಸರ್ಕಾರಿ ಪಾಠಶಾಲೆಯ ಮಾಡು ಸೋರಿದರೆ ಯಾರಲ್ಲಿ ಹೋಗಿ ಹೇಳತಕ್ಕದ್ದು? ಈ ಸಣ್ಣ ಪ್ರಶ್ನೆಯೊಳಗೆ ದೊಡ್ಡದೊಂದು ವಿಚಾರವು ಅಡಗಿದೆ.

ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಿ ಶಾಲೆಗಳಿಗಾಗಿಯೇ ಪ್ರತ್ಯೇಕ ವಿದ್ಯಾಮಂಡಲಗಳುಂಟು. ಸಂಸ್ಥಾನದ ಕಾನೂನಿನಿಂದ ಹುಟ್ಟಿದ ಆ ಮಂಡಲಕ್ಕೆ ತನ್ನದೇ ಆದ ಎಲ್ಲೆ, ಸಾಮಾನ್ಯವಾಗಿ ಜನರಿಂದ ಚುನಾಯಿತವಾದ ಸಭೆ, ಅನೇಕ ಕಡೆ ತೆರಿಗೆಯನ್ನು ವಿಧಿಸುವ ಅಧಿಕಾರವೂ ಇವೆ. ಇಂಗ್ಲೆಂಡಿನಲ್ಲಿಯೂ 1870ರ ಶಾಸನವು ಇಂಥ ಶಾಲಾ ಮಂಡಲಿಗಳನ್ನು ಏರ್ಪಡಿಸಿತು. 1902ರ ಶಾಸನವು ಅವುಗಳನ್ನು ರದ್ದುಪಡಿಸಿ ಕೌಂಟಿ ಮುಂತಾದ ಸ್ಥಳೀಯ ಸಭೆಗಳಿಗೆ ಆ ಭಾರವನ್ನು ಒಪ್ಪಿಸಿತು. ನಮ್ಮ ವಾಚಕಿಯರು ಗಮನಿಸಬೇಕಾದುದೊಂದುಂಟು. 1870ರಲ್ಲಿಯೇ ಎಲಿಜಬೆತ್ ಗ್ಯಾರೆಟ್, ಎಮಿಲಿ ಡೇವಿಸ್ ಎಂಬ ಸ್ತ್ರೀಯರು ಲಂಡನ್ನಿನ ಶಾಲಾ ಮಂಡಲಿಗೆ ಆಯ್ಕೆಯಾದರು. ಅಲ್ಲಿಯ ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತವು ದೊರೆತದ್ದಾದರೋ 1918ರಲ್ಲಿ, ಅದೂ ಕೆಲವರಿಗೆ ಮಾತ್ರ. ಶಾಲೆಯ ಬಾಗಿಲಿನಿಂದಲೇ ಅವರು ರಾಜ್ಯಾಡಳಿತವನ್ನು ಪ್ರವೇಶಿಸಿದರೆನ್ನಬಹುದು.

ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಇಂಥ ಪ್ರಯೋಗವು ನಡೆಯದೆ ಇರಲಿಲ್ಲ. 1913ರ ಕಾಯಿದೆಯಿಂದ ಆಯ್ದ ಕೆಲವು ಸ್ಥಳಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸವು ಮೊದಲಾಯಿತು. 1930ರ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಸ್ಥಳೀಯ ವಿದ್ಯಾಧಿಕಾರ ಮಂಡಲಿಗಳನ್ನು ಸ್ಥಾಪಿಸಿ, ಪ್ರಾಥಮಿಕ ಶಾಲೆಗಳನ್ನು ಅವುಗಳ ಕೈಗೆ ಒಪ್ಪಿಸಿತು. ಶಿವಮೊಗ್ಗವು ಆಗ ಆ ಸಂಸ್ಥಾನದ ಒಂದು ಜಿಲ್ಲೆ. ಆದರೆ ಹೊಣೆಯನ್ನು ಕೊಟ್ಟಷ್ಟು ಸುಲಭವಾಗಿ ಹಣವನ್ನು ಒದಗಿಸಲಾಗುವುದೇ? 1941ರಲ್ಲಿ ಸರ್ಕಾರದವರೇ ಆ ಶಾಲೆಗಳನ್ನು ಮರಳಿ ತಮ್ಮ ವಶಕ್ಕೆ ತೆಗೆದುಕೊಂಡರು. ಹನ್ನೊಂದೇ ವರ್ಷ! ಪ್ರಯೋಗವು ಬೇರೂರುವುದಕ್ಕೆ ಅಷ್ಟು ಕಾಲ ಸಾಲದೆಂದು ನನ್ನ ಅಭಿಪ್ರಾಯ.

ಈಗಿನ ಏರ್ಪಾಡು ಬೇರೆ. ಜಿಲ್ಲೆಗೆ ಉಪನಿರ್ದೇಶಕರು, ಶಿವಮೊಗ್ಗ, ಭದ್ರಾವತಿ ಮೊದಲಾದ ಒಂದೊಂದು ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅವರ ಕೆಳಗೆ ಕೆಲಕೆಲವು ಶಾಲೆಗಳ ಗುಂಪಾದ ಕ್ಲಸ್ಟರುಗಳು. ಇವು ಅಧಿಕಾರಿಗಳ ವಿಭಾಗಗಳೇ ಹೊರತು ಮತದಾರರ ಮಂಡಲಗಳಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯು ಪ್ರಾಥಮಿಕ ಶಿಕ್ಷಣವನ್ನು ಪಂಚಾಯತಿಗಳ ಕಾರ್ಯಗಳಲ್ಲಿ ಸೇರಿಸಿದೆಯಾದರೂ ಜಿಲ್ಲಾ ಪಂಚಾಯತಿಗೆ ಮತ ಹಾಕುವವರು ಗ್ರಾಮವಾಸಿಗಳು ಮಾತ್ರ. 2016ರಲ್ಲಿ ಚುನಾಯಿತರಾದ ಅದರ ಸದಸ್ಯರ ಅವಧಿಯು 2021ರಲ್ಲಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಅಧಿಕಾರಿಗಳೇ ಆಡಳಿತವನ್ನು ನೋಡಿಕೊಳ್ಳಬೇಕಾಯಿತು. ಶಿವಮೊಗ್ಗದ ಮಹಾನಗರಪಾಲಿಕೆಯಾಗಲಿ, ಭದ್ರಾವತಿಯ ನಗರಸಭೆಯಾಗಲಿ ಸರ್ಕಾರಿ ಶಾಲೆಗಳ ಒಡೆತನವನ್ನು ಹೊಂದಿದವುಗಳಲ್ಲ. ಹೀಗಿರುವಲ್ಲಿ ಪಟ್ಟಣದ ತಾಯಿಯು ತನ್ನ ಮಗುವಿನ ಶಾಲೆಯ ಕುರಿತು ಮತವನ್ನು ಯಾವ ಪೆಟ್ಟಿಗೆಗೆ ಹಾಕಬೇಕು?

ಉಳಿದಿರುವ ದಾರಿಯು ಚಿಕ್ಕದಾದರೂ ಹತ್ತಿರದ್ದು. ಕರ್ನಾಟಕದಲ್ಲಿ 2001ರ ಸರ್ಕಾರಿ ಆಜ್ಞೆಯಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೂ, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ವಿಧಿಸಿದೆ. ಶಾಲೆಯ ಕೆಲಸಕಾರ್ಯಗಳನ್ನು ನೋಡುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಸರ್ಕಾರದಿಂದ ಬಂದ ಹಣವು ಹೇಗೆ ವೆಚ್ಚವಾಯಿತೆಂದು ಪರಿಶೀಲಿಸುವುದು ಇವರ ಕರ್ತವ್ಯ. ಹೆಸರನ್ನು ಬರೆಸಿ, ರುಜು ಮಾಡಿ ಮನೆಗೆ ಮರಳುವ ಸದಸ್ಯೆಯಿಂದ ಈ ಕೆಲಸವು ಸಾಗದು. ಲೆಕ್ಕದ ಪುಸ್ತಕವನ್ನು ತರಿಸಿ, ಓದಿ, ಮಾಡಿನ ರಿಪೇರಿಗೆ ಬಂದ ಹಣವೆಷ್ಟು, ಹಾಕಿಸಿದ ಹೆಂಚೆಷ್ಟು ಎಂದು ಕೇಳಬಲ್ಲವಳು ಬೇಕು. ಓದುಬರಹವನ್ನು ಕಲಿತು ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಆ ಸಭೆಗಳಲ್ಲಿ ಕುಳಿತಿರುವರು?