‘ಹೃದಯವಿದ್ರಾವಕ’: ಒಂದು ಪದವಿಚಾರ

ಅಗ್ನಿದುರಂತ, ನೆರೆ, ಮಕ್ಕಳ ಸಾವು ಮುಂತಾದವುಗಳ ವರದಿಯಲ್ಲಿ ಪತ್ರಿಕಾ ಕನ್ನಡವು ತಪ್ಪದೆ ಬಳಸುವ ವಿಶೇಷಣ ‘ಹೃದಯವಿದ್ರಾವಕ’. ಇದರ ಅರ್ಥ ‘ಎದೆ ಸೀಳುವಂಥದು’ ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ನಾವು ಅಧ್ಯಾಪಕರೂ ಅದನ್ನು ತಿದ್ದುವುದಿಲ್ಲ. ಪದದ ರಚನೆ ಹೇಳುವುದು ಬೇರೆಯದನ್ನು.

ಇಲ್ಲಿರುವುದು ಸಂಸ್ಕೃತದ ‘ದ್ರು’ ಧಾತು. ಓಡು, ಹರಿ, ಕರಗು ಎಂಬುವು ಅದರ ಅರ್ಥಗಳು. ದ್ರವ, ದ್ರಾವಣ, ರಸಾಯನಶಾಸ್ತ್ರದ ಪಠ್ಯಗಳಲ್ಲಿ ಬರುವ ದ್ರಾವಕ ಇವೆಲ್ಲ ಅದರ ಸಂತತಿಯೇ. ಆದ್ದರಿಂದ ಹೃದಯವಿದ್ರಾವಕವೆಂದರೆ ಹೃದಯವನ್ನು ಕರಗಿಸುವಂಥದು. ಸೀಳುವ ಅರ್ಥವಿರುವುದು ‘ದೄ’ ಧಾತುವಿಗೆ. ವಿದಾರಣ, ವಿದಾರಕಗಳು ಅದರಿಂದ ಬಂದವು. ಹಿಂದಿ, ತೆಲುಗುಗಳಲ್ಲಿ ರೂಢಿಯಲ್ಲಿರುವುದು ‘ಹೃದಯವಿದಾರಕ’, ಮರಾಠಿಯಲ್ಲಿ ‘ಹೃದಯದ್ರಾವಕ’. ಕನ್ನಡವು ರೂಪದಲ್ಲಿ ಮರಾಠಿಯ ಜೊತೆಗಿದ್ದು, ಅರ್ಥದಲ್ಲಿ ಹಿಂದಿಯ ಕಡೆಗೆ ವಾಲಿದೆ. ಎರಡು ರೂಪಗಳ ಧ್ವನಿಸಾಮ್ಯವೇ ಇದಕ್ಕೆ ಕಾರಣವಿರಬೇಕು. ರೂಢಿಯನ್ನು ತಪ್ಪೆನ್ನುವುದು ನನ್ನ ಉದ್ದೇಶವಲ್ಲ.

ಮುಖ್ಯ ಪ್ರಶ್ನೆ ಬೇರೆಯೇ ಇದೆ: ಕರಗುವುದು ಯಾರ ಹೃದಯ? 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ಬಹುಪಾಲು ಮಕ್ಕಳು. ಆ ಘಟನೆಯನ್ನು ಹೃದಯವಿದ್ರಾವಕ ಎಂದಾಗ ನಾವು ಹೇಳುತ್ತಿರುವುದು ಓದುವವರ, ನೋಡುವವರ ಹೃದಯದ ಮಾತು. ಮಗುವನ್ನು ಕಳೆದುಕೊಂಡ ತಾಯಿಯ ಅನುಭವಕ್ಕೆ ಈ ಪದದೊಳಗೆ ಜಾಗವಿಲ್ಲ. ಯಾತನೆ, ಸಂಕಟ ಎಂಬ ಪದಗಳು ಹಾಗಲ್ಲ. ಅವು ಅನುಭವಿಸಿದವರ ಪಕ್ಷದಲ್ಲಿ ನಿಲ್ಲುತ್ತವೆ.

ಆಡುಮಾತು ಈ ಅಂತರವನ್ನು ಇನ್ನೊಂದು ರೀತಿಯಲ್ಲಿ ದಾಟುತ್ತದೆ. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಒಂದು ಅಕಾಲ ಸಾವು ಸಂಭವಿಸಿದಾಗ ಯಾರ ಬಾಯಲ್ಲೂ ಹೃದಯವಿದ್ರಾವಕ ಎಂಬ ಪದ ಬರಲಿಲ್ಲ. ನೆರೆಮನೆಯ ಅಜ್ಜಿ ಅಂದದ್ದು, “ಕರುಳು ಕಿತ್ತು ಬರುತ್ತೆ ಕಣಮ್ಮ” ಎಂದು. ಕನ್ನಡದಲ್ಲಿ ಕರುಳು ದೇಹದ ಅಂಗವೂ ಹೌದು, ಬಂಧುತ್ವವೂ ಹೌದು, ಮರುಕವೂ ಹೌದು. ಹೆತ್ತ ಕರುಳು, ಕರುಳಿನ ಕುಡಿ, ಕರುಳಿಲ್ಲದವನು ಎಂಬ ಬಳಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ತಿಳಿಯುತ್ತದೆ. ಕರುಳು ಕಿತ್ತುಬರುತ್ತದೆ ಎಂದವರು ಪ್ರೇಕ್ಷಕರಾಗಿ ಉಳಿಯದೆ ಸತ್ತವರ ನಂಟರಾಗುತ್ತಾರೆ.

ಮನೋವೈದ್ಯರ ‘ಟ್ರಾಮಾ’ಕ್ಕೆ ನಾವು ಒಪ್ಪಿಕೊಂಡಿರುವ ‘ಆಘಾತ’ದಲ್ಲಿ ಇನ್ನೊಂದು ತೊಡಕಿದೆ. ಆಘಾತವೆಂದರೆ ಹೊಡೆತ; ಗ್ರೀಕ್ ಮೂಲದ ಟ್ರಾಮಾ ಎಂದರೆ ಗಾಯ. ಹೊಡೆತ ಕ್ಷಣದ್ದು, ಗಾಯ ಉಳಿಯುವಂಥದು. ವರ್ಷಗಳ ನಂತರವೂ ನಿದ್ದೆಗೆಡಿಸುವ ನೆನಪನ್ನು ‘ಆಘಾತ’ ಎಂದು ಬರೆಯುವಾಗ ಅನುವಾದಕರು ‘ಮಾಸದ’ ಎಂಬ ವಿಶೇಷಣವನ್ನು ಜೊತೆಗೆ ಸೇರಿಸಬೇಕಾಗಿ ಬರುವುದು ಇದರಿಂದಲೇ.