ಹುಟ್ಟುವ ಮೊದಲೇ ಹೃದಯಕ್ಕೆ ಚಿಕಿತ್ಸೆ

"ಒಂದು ಸಲ ಸ್ಕ್ಯಾನಿಂಗ್ ಆಗಿದೆಯಲ್ಲ, ಐದನೇ ತಿಂಗಳಲ್ಲಿ ಮತ್ತೆ ಯಾಕೆ?" ನಮ್ಮ ಆಪಾ ಗರ್ಭಿಣಿಯಾಗಿದ್ದಾಗ ದಾದಿ ಕೇಳಿದ ಪ್ರಶ್ನೆ ಇದು. ಕೊಂಡಜ್ಜಿಯ ಬೇರೆ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಉತ್ತರ ಹುಡುಕಿದೆ.

ಮಗುವಿನ ಹೃದಯ ಮೊದಲ ಎರಡು-ಮೂರು ತಿಂಗಳಲ್ಲೇ ರೂಪುಗೊಳ್ಳುತ್ತದೆ. ಆಗ ಏರುಪೇರಾದರೆ ಹೃದಯದ ಗೋಡೆಯಲ್ಲಿ ರಂಧ್ರ ಉಳಿಯಬಹುದು, ಕವಾಟ ಕಿರಿದಾಗಬಹುದು. ಇದನ್ನು ಜನ್ಮಜಾತ ಹೃದಯದೋಷ ಎನ್ನುತ್ತಾರೆ. ಸುಮಾರು 100 ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಎಷ್ಟೋ ಸಲ ಕಾರಣ ತಿಳಿಯುವುದಿಲ್ಲ. ತಾಯಿಗೆ ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇದ್ದರೆ, ಆರಂಭದ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಅಪಾಯ ಹೆಚ್ಚು. ರಕ್ತಸಂಬಂಧದ ಮದುವೆಯಿಂದಲೂ ಅಪಾಯ ಹೆಚ್ಚುತ್ತದೆ ಎಂದು ಮೈಸೂರಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದಾರೆ. ಇಂಥ ಮದುವೆ ನಮ್ಮ ಕಡೆ ಹಲವು ಸಮುದಾಯಗಳಲ್ಲಿದೆ. ಅವರು ಹೆದರಬೇಕಿಲ್ಲ, ಸ್ಕ್ಯಾನಿಂಗ್ ಮಾತ್ರ ತಪ್ಪಿಸಬಾರದು.

18ರಿಂದ 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಹೃದಯದ ನಾಲ್ಕು ಕೋಣೆಗಳನ್ನು ನೋಡುತ್ತಾರೆ. ಅನುಮಾನ ಬಂದರೆ 'ಫೀಟಲ್ ಎಕೋ' ಎಂಬ ವಿಶೇಷ ಪರೀಕ್ಷೆ ಮಾಡಿಸುತ್ತಾರೆ. ದೋಷ ಗೊತ್ತಾದ ಮೇಲೆ ಮೂರು ದಾರಿಗಳಿವೆ.

1. ಔಷಧ: ಮಗುವಿನ ಹೃದಯ ಅತಿ ವೇಗವಾಗಿ ಬಡಿಯುತ್ತಿದ್ದರೆ ಔಷಧವನ್ನು ತಾಯಿಗೆ ಕೊಡುತ್ತಾರೆ. ಅದು ತಾಯಿಯ ರಕ್ತದಿಂದ ಮಗುವಿಗೆ ತಲುಪುತ್ತದೆ.

2. ಬಲೂನ್ ಚಿಕಿತ್ಸೆ: ಕವಾಟ ತೀರಾ ಕಿರಿದಾಗಿದ್ದರೆ ಹೃದಯದ ಕೋಣೆ ಸರಿಯಾಗಿ ಬೆಳೆಯುವುದಿಲ್ಲ. ಆಗ ತಾಯಿಯ ಹೊಟ್ಟೆಯ ಮೂಲಕ ಸೂಜಿ ತೂರಿಸಿ, ಪುಟ್ಟ ಬಲೂನ್ ಉಬ್ಬಿಸಿ ಕವಾಟ ಅಗಲಿಸುತ್ತಾರೆ. 2023ರ ಮಾರ್ಚ್‌ನಲ್ಲಿ ದೆಹಲಿಯ ಏಮ್ಸ್ ವೈದ್ಯರು ದ್ರಾಕ್ಷಿ ಗಾತ್ರದ ಹೃದಯಕ್ಕೆ ಇದನ್ನು 90 ಸೆಕೆಂಡಿನಲ್ಲಿ ಮಾಡಿದ ಸುದ್ದಿ ಬಂತು. ಆ ತಾಯಿ ಹಿಂದೆ ಮೂರು ಮಕ್ಕಳನ್ನು ಗರ್ಭದಲ್ಲೇ ಕಳೆದುಕೊಂಡಿದ್ದರು. ಈ ಚಿಕಿತ್ಸೆಯಲ್ಲಿ ಮಗುವಿನ ಜೀವಕ್ಕೂ ಅಪಾಯವಿದೆ. ಆದ್ದರಿಂದ ಕೆಲವೇ ಮಕ್ಕಳಿಗೆ ಮಾಡುತ್ತಾರೆ.

3. ಸಿದ್ಧತೆ: ಹೆಚ್ಚಿನ ದೋಷಗಳಿಗೆ ಚಿಕಿತ್ಸೆ ಹುಟ್ಟಿದ ಮೇಲೆಯೇ. ಮೊದಲೇ ತಿಳಿದಿದ್ದರೆ ಮಕ್ಕಳ ಹೃದ್ರೋಗ ತಜ್ಞರಿರುವ ಊರಿನಲ್ಲೇ ಹೆರಿಗೆ ಮಾಡಿಸಬಹುದು. ಉಸಿರುಗಟ್ಟುತ್ತಿರುವ ಹಸುಗೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಬೆಂಗಳೂರಿಗೆ ಓಡುವುದು ತಪ್ಪುತ್ತದೆ. ಹುಟ್ಟಿದ ಮಕ್ಕಳ ಹೃದಯದೋಷ ಪತ್ತೆ, ಚಿಕಿತ್ಸೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ.

ಮೂರು ದಾರಿಗೂ ಬಾಗಿಲು ಒಂದೇ: ಐದನೇ ತಿಂಗಳ ಸ್ಕ್ಯಾನಿಂಗ್. ಗಂಡೋ ಹೆಣ್ಣೋ ಎಂದು ಅಲ್ಲಿ ಕೇಳುವಂತಿಲ್ಲ, 1994ರ ಕಾಯ್ದೆ ಅದನ್ನು ನಿಷೇಧಿಸಿದೆ. ಹೃದಯ ಸರಿಯಾಗಿದೆಯೇ ಎಂದು ಮಾತ್ರ ಕೇಳಲೇಬೇಕು.

ದಾದಿಗೆ ಇಷ್ಟನ್ನೂ ಉರ್ದುವಿನಲ್ಲಿ ಹೇಳಿದೆ. ಮರುದಿನ ತಾಯಿ ಕಾರ್ಡ್ ಹಿಡಿದು ಆಪಾ ಜೊತೆ ಹೊರಟವರು ಅವರೇ. ನಿಮ್ಮ ಮನೆಯಲ್ಲೂ ಅಕ್ಕನೋ ಅತ್ತಿಗೆಯೋ ಗರ್ಭಿಣಿಯಾಗಿದ್ದರೆ, ಇವತ್ತೇ ಸ್ಕ್ಯಾನಿಂಗ್ ದಿನಾಂಕ ಕೇಳಿ.